ಹದಿನೆಂಟು ಫಿರಂಗಿ, ಒಂದು ಟೀ ಲಾರಿ

ಊರಿನ ಹಲ್ಲಿನ ಡಾಕ್ಟರುಗಳಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಮೇಣ ಕೆತ್ತುವ ಚಾಕು, ಕೂದಲೆಳೆಯಂಥ ಕುಂಚ, ಭೂತಗನ್ನಡಿ, ಹಗಲು ಹಲ್ಲಿಗೆ ಬಳಸಿದ್ದೆಲ್ಲ ಸಂಜೆ ಯುದ್ಧಕ್ಕೆ ಬರುತ್ತಿತ್ತು. ಹನ್ನೊಂದು ವರ್ಷದಲ್ಲಿ ಬೆರಳುದ್ದದ ಪ್ಲಾಸ್ಟಿಕ್ ಟ್ಯಾಂಕು, ಜೀಪು, ಫಿರಂಗಿಗಳನ್ನು ಇನ್ನೂರಕ್ಕೂ ಮೇಲೆ ಕೂಡಿಹಾಕಿದ್ದ. ಅಂಗಡಿಯ ಪೊಟ್ಟಣದಲ್ಲಿ ಬರುವ ಬಿಡಿಭಾಗ ಅಂಟಿಸಿ, ಬಣ್ಣ ಬಳಿದು, ಚಕ್ರಕ್ಕೆ ಒಂದಿಷ್ಟು ಕೆಸರು ಮೆತ್ತಿದರೇ ಅವನಿಗೆ ಸಮಾಧಾನ. ಭಾನುವಾರ ಹೆಂಡತಿಯ ತಮ್ಮ ಬಂದರೆ ಊಟದ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಎಂದೋ ಮುಗಿದ ಯುದ್ಧವನ್ನು ಇಬ್ಬರೂ ಹೊಸದಾಗಿ ಆಡುವರು. ಅಳತೆಪಟ್ಟಿ ಇಟ್ಟು ಟ್ಯಾಂಕು ಸರಿಸುವುದು, ದಾಳ ಹಾಕಿ ಗುಂಡು ಹಾರಿಸುವುದು.

ಒಂದು ದಿನ ಕೆಳಗಿನ ಸೆಟ್ಟು ಒತ್ತುತ್ತದೆಂದು ಮುದುಕರೊಬ್ಬರು ಅವನ ಕಾರ್ಖಾನೆಗೇ ಬಂದರು. ಇವನು ಸೆಟ್ಟನ್ನು ಉಜ್ಜುತ್ತಿದ್ದಾಗ ಅವರ ಕಣ್ಣು ಕಿಟಕಿಯಲ್ಲಿ ಒಣಗುತ್ತಿದ್ದ ಫಿರಂಗಿಯ ಮೇಲೆ ಬಿತ್ತು.

"ಈ ಹುಡುಗ ಸತ್ತ," ಎಂದರು, ಬೊಚ್ಚು ಬಾಯಲ್ಲೇ.

"ಯಾರು ಯಜಮಾನ್ರೇ?"

"ಫಿರಂಗಿಯ ಬೆನ್ನಿಗೇ ನಿಂತಿದಾನಲ್ಲ, ಈ ಪುಟ್ಟ ಸಿಪಾಯಿ. ಗುಂಡು ಹಾರಿದ ಕೂಡ್ಲೇ ನಳಿಕೆ ಕತ್ತೆ ಒದ್ದಂಗೆ ಹಿಂದಕ್ಕೆ ಬರುತ್ತೆ. ಪಕ್ಕಕ್ಕೆ ನಿಲ್ಸಪ್ಪ. ನಾನು ಮಿಲಿಟ್ರೀಲಿ ಇಪ್ಪತ್ತು ವರ್ಷ ಅದ್ರ ಪಕ್ಕದಲ್ಲೇ ನಿಂತೋನು."

ಇವನಿಗೆ ಮುಖಕ್ಕೆ ಹೊಡೆದಂತಾಯಿತು. ಎಷ್ಟು ಪುಸ್ತಕ ಓದಿದ್ದ, ಸಮವಸ್ತ್ರದ ಗುಂಡಿಗೂ ಸರಿಯಾದ ಬಣ್ಣ ಹುಡುಕಿದ್ದ! ಸೆಟ್ಟು ಉಜ್ಜಿ ಮುಗಿಸಿ, ಮುಖ ಗಂಟಿಕ್ಕಿಕೊಂಡೇ ಕೊಟ್ಟು ಕಳಿಸಿದ. ಮನೆಗೆ ಬಂದು ಕಪಾಟು ತೆರೆದರೆ ಹದಿನೆಂಟು ಫಿರಂಗಿ, ಹದಿನೆಂಟರ ಬೆನ್ನಿಗೂ ಒಬ್ಬೊಬ್ಬ ಸಿಪಾಯಿ. ಮುನಿಸೆಲ್ಲ ಇಳಿದುಹೋಗಿ ನಗು ಬಂತು. ವಾರವಿಡೀ ಕೂತು ಒಬ್ಬೊಬ್ಬನನ್ನೇ ಚಾಕುವಿನಿಂದ ಬಿಡಿಸಿ ಪಕ್ಕಕ್ಕೆ ಅಂಟಿಸಿದ.

"ಹದಿನೆಂಟು ಜೀವ ಉಳಿಸಿದ್ರಿ. ಈಗಲಾದ್ರೂ ಊಟಕ್ಕೆ ಏಳ್ತೀರಾ?" ಎಂದಳು ಹೆಂಡತಿ.

ಮುಂದಿನ ಭಾನುವಾರ ಅವನೇ ಹೋಗಿ ಮುದುಕರನ್ನು ಮನೆಗೆ ಕರೆತಂದ. ಅವರು ಫಿರಂಗಿಗಳನ್ನು ಒಂದೊಂದಾಗಿ ನೋಡಿ ಸರಿ ಎಂಬಂತೆ ತಲೆಯಾಡಿಸಿದರು. ಆದರೆ ಆಟಕ್ಕೆ ಕೂರಿ ಎಂದರೆ ಒಪ್ಪಲಿಲ್ಲ.

"ಗುಂಡು ಹಾರಿಸಿದ್ದು ಸಾಕಪ್ಪ. ಆಡ್ಲೇಬೇಕು ಅಂದ್ರೆ ನಂಗೊಂದು ಟೀ ಲಾರಿ ಮಾಡ್ಕೊಡು. ಬೆಳಗಿನ ಚಳೀಲಿ ನಾವು ಕಾಯ್ತಿದ್ದದ್ದು ಅದನ್ನೇ."

ಟೀ ಲಾರಿಯ ಪೊಟ್ಟಣ ಯಾವ ಅಂಗಡಿಯಲ್ಲೂ ಸಿಗದು. ಕಪಾಟಿನಲ್ಲಿ ಮುರಿದುಬಿದ್ದಿದ್ದ ಲಾರಿಯೊಂದರ ಹಿಂಬದಿಗೆ ಹಲ್ಲಿನ ಮೇಣದಲ್ಲೇ ಹಂಡೆ, ಒಲೆ, ಸೌಟು ಮಾಡಿ ಕೂರಿಸಿದ. ಮತ್ತೊಂದು ಭಾನುವಾರ ಬಂದ ಮುದುಕರು ಅದನ್ನು ಅಂಗೈಯಲ್ಲಿಟ್ಟುಕೊಂಡು ಸೌಟನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಮೇಜಿನ ಹತ್ತಿರ ಬಂದರು.

ಆಟ ಕಾವೇರಿತು. ಭಾವಮೈದುನನ ಟ್ಯಾಂಕೊಂದು ಲಾರಿಯ ಎದುರಿಗೇ ಬಂದು ನಿಂತಿತು.

"ಭಾವ, ಇದನ್ನ ಹೊಡೆಯೋಕೆ ಎಷ್ಟು ದಾಳ ಹಾಕ್ಬೇಕು?"

ಉತ್ತರ ಕೊಟ್ಟವರು ಮುದುಕರು. "ಹೊಡೆದು ನೋಡಪ್ಪ. ಎರಡೂ ಕಡೆಯೋರು ಸೇರ್ಕೊಂಡು ನಿನ್ನ ಮೇಲೆ ಬೀಳ್ತಾರೆ."

ಭಾವಮೈದುನ ಟ್ಯಾಂಕನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.