ನಾಲ್ಕು ಕತ್ತಿ, ಒಂದು ಗಂಟಲು

ನಲವತ್ತೆರಡು ವರ್ಷ ಜನರ ಗಂಟಲ ಮೇಲೆ ಕತ್ತಿ ಇಟ್ಟೇ ಹೊಟ್ಟೆ ಹೊರೆದವರೊಬ್ಬರಿದ್ದರು. ಅವರಿಂದ ಒಬ್ಬನಿಗೂ ಕೇಡಾಗಲಿಲ್ಲ. ಗಿರಾಕಿಗಳು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು ಎಂದರೆ ಆ ಕೈ ಎಂಥದ್ದಿರಬೇಕು, ನೀವೇ ಲೆಕ್ಕ ಹಾಕಿ. ಕತ್ತಿಯನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರಿಂದ ಬೀದಿಗೆಲ್ಲ ಅವರು ಎಡಗೈ ಮಾಸ್ತರು.

ಆ ಎಡಗೈ ಹೋದ ವರ್ಷ ನಡುಗತೊಡಗಿತು. ಲೋಟ ಎತ್ತಿದರೆ ನೀರು ಬಾಯಿಗಿಂತ ಮೊದಲು ಮಡಿಲು ಸೇರುತ್ತಿತ್ತು. ಮಾಸ್ತರು ಕ್ಷೌರದ ಅಂಗಡಿಯನ್ನು ಶಿಷ್ಯನಿಗೆ ಬಿಟ್ಟುಕೊಟ್ಟು ಮಗಳ ಮನೆಗೆ ಬಂದರು. ಮಗಳು ದರ್ಜಿ. ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ; ಹಿಂದಿನ ಕೋಣೆಯಲ್ಲಿ ಅಪ್ಪನ ಮಂಚ, ಒಂದು ಕಿಟಕಿ, ಮೊಳೆಗೆ ತೂಗಿದ ಕನ್ನಡಿ. ಅಳಿಯ ಬೀದಿಯ ತುದಿಯಲ್ಲಿ ಟೈರಿಗೆ ಪಂಕ್ಚರ್ ಹಾಕುವವನು. ಬಂದ ದಿನದಿಂದ ಮಾಸ್ತರು ಗಡ್ಡ ಬಿಟ್ಟರು. ಅಳಿಯ ಪ್ಲಾಸ್ಟಿಕ್ ರೇಜರ್ ತಂದುಕೊಟ್ಟರೆ ಅದರಲ್ಲಿ ಕೋಟಿನ ಮೇಲಿನ ನೂಲುಂಡೆ ಕೆರೆದುಕೊಳ್ಳಲಿ ಎಂದು ಮಗಳಿಗೆ ದಾಟಿಸಿದರು. ಶಿಷ್ಯನ ಹತ್ತಿರವಾದರೂ ಹೋಗಬಾರದೇ ಎಂದರೆ, ಅವನಿಗೆ ಕಲಿಸಿದ್ದು ನಾನು, ಅವನು ಏನೇನು ಕಲೀಲಿಲ್ಲ ಅಂತ ಗೊತ್ತಿರುವುದೂ ನನಗೇ ಎಂದರು.

ನಾಲ್ಕು ತಿಂಗಳಾದ ಮೇಲೆ ಒಂದು ದಿನ ಮಗಳು ಅಪ್ಪನಿಗೆ ಅಂಗಿ ಹೊಲಿಯಲು ಟೇಪು ಹಿಡಿದಳು. ಎದೆ ಎರಡಿಂಚು ಇಳಿದಿತ್ತು, ಸೊಂಟ ಮೂರಿಂಚು. ಕಾಲರಿನ ಅಳತೆ ಮಾತ್ರ ಮುಕ್ಕಾಲು ಇಂಚು ಏರಿತ್ತು. ಮೈ ಬಡವಾಗುತ್ತಿರುವ ಮನುಷ್ಯನ ಕುತ್ತಿಗೆ ದಪ್ಪವಾಗುವುದುಂಟೇ? ಟೇಪನ್ನು ಬಿಟ್ಟು ಬೆರಳಿಟ್ಟಳು. ಎಡದವಡೆಯ ಕೆಳಗೆ, ಗಡ್ಡದ ಪೊದೆಯೊಳಗೆ, ಕೋಟಿನ ಗುಂಡಿಯಷ್ಟು ದೊಡ್ಡದೊಂದು ಗಂಟು. ಒತ್ತಿದರೆ ಜರುಗಲಿಲ್ಲ. ಮಾಸ್ತರು ಅವಳ ಕೈಯನ್ನು ಮೆಲ್ಲಗೆ ಸರಿಸಿದರು. ಅವರಿಗೆ ಅದು ಮೊದಲೇ ಗೊತ್ತಿತ್ತು.

ಆಮೇಲಿನ ಎಂಟು ದಿನ ಆ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಬರೀ ವಾದ. ಡಾಕ್ಟರಿಗೆ ತೋರಿಸೋಣ ಎಂದು ಮಗಳು. ತೋರಿಸಿದರೆ ಕೊಯ್ಯುತ್ತಾರೆ ಎಂದು ಅಪ್ಪ. ಅಳಿಯ ಮಧ್ಯೆ ಬಾಯಿ ಹಾಕಿದರೆ ಇಬ್ಬರೂ ಒಟ್ಟಾಗಿ ಅವನ ಮೇಲೆ ಹರಿಹಾಯುತ್ತಿದ್ದರು. ಒಂಬತ್ತನೆಯ ದಿನ ಮಗಳು ಅಳುವುದನ್ನೂ ಬೈಯುವುದನ್ನೂ ಬಿಟ್ಟು, ಅಪ್ಪನ ಮಂಚದ ಪಕ್ಕ ನೆಲದ ಮೇಲೆ ಕುಳಿತು, ಯಾಕೆ ಹೆದರಿಕೆ ಎಂದು ಸುಮ್ಮನೆ ಕೇಳಿದಳು.

"ಅವರೂ ಗಂಟಲ ಮೇಲೆ ಕತ್ತಿ ಇಡೋರೇ ಕಣಮ್ಮ. ಆದ್ರೆ ಅವರ ಕೈ ನಂಗೆ ಗೊತ್ತಿಲ್ಲ."

ಮಾಸ್ತರು ಮಂಚದ ಕೆಳಗಿನಿಂದ ತಗಡಿನ ಪೆಟ್ಟಿಗೆ ಎಳೆದರು. ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ನಾಲ್ಕು ಕತ್ತಿಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಬಿಡಿಸಿಟ್ಟರು. ಅವರ ಮಾತು ಇಷ್ಟು: ಈ ಕತ್ತಿಗಳ ನಡುವೆಯೇ ಹುಟ್ಟಿ ಬೆಳೆದರೂ ನೀನು ಒಂದನ್ನೂ ಮುಟ್ಟಿಲ್ಲ. ನಿನ್ನ ಕೈಯೂ ನನಗೆ ಗೊತ್ತಿಲ್ಲದ ಕೈಯೇ. ಇದರಲ್ಲೊಂದನ್ನು ನೀನೇ ಆರಿಸು. ಮೂರು ದಿನ ಅಭ್ಯಾಸ ಮಾಡು. ನಾಲ್ಕನೆಯ ಬೆಳಿಗ್ಗೆ ನನ್ನ ಗಡ್ಡವನ್ನು ಪೂರ್ತಿ ತೆಗೆ. ಒಂದು ಹನಿ ರಕ್ತ ಬರದಿದ್ದರೆ ಡಾಕ್ಟರ ಹತ್ತಿರ ನಾನೇ ನಡೆದು ಬರುತ್ತೇನೆ. ಹನಿ ಬಂತೋ, ಈ ಗಂಟಿನ ಸುದ್ದಿ ಈ ಮನೆಯಲ್ಲಿ ಇನ್ನು ಎತ್ತುವ ಹಾಗಿಲ್ಲ.

"ಯಾವುದು ಒಳ್ಳೇದು ಅಂತಾದ್ರೂ ಹೇಳು" ಎಂದಳು ಮಗಳು.

"ಅರ್ಧ ಕೆಲಸ ಇರೋದೇ ಅದ್ರಲ್ಲಿ. ಹೇಳಿದ್ರೆ ನಾನೇ ಮಾಡಿದ ಹಾಗಾಯ್ತು."

ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು, ಮುಖ ನೋಡಿ ಮಗಳು ಗುಟ್ಟು ಓದಬಾರದೆಂದು.

ಅವಳು ಹೆಚ್ಚು ಯೋಚಿಸಲಿಲ್ಲ. ನಾಲ್ಕರಲ್ಲಿ ಒಂದನ್ನು ಅವಳು ಎಲ್ಲಿ ಕಂಡರೂ ಗುರುತಿಸುತ್ತಿದ್ದಳು. ಅಪ್ಪ ದಿನವೂ ಹಿಡಿದದ್ದು, ಹಿಡಿಯ ಬಣ್ಣ ಬೆರಳಿನ ಗುರುತಿಗೆ ತೇದುಹೋಗಿರುವುದು, ಅಲಗು ಎಲೆಯ ಹಾಗೆ ತೆಳ್ಳಗಾಗಿರುವುದು. ನಲವತ್ತೆರಡು ವರ್ಷ ಯಾರನ್ನೂ ಕೊಯ್ಯದ ಕತ್ತಿ ತನ್ನ ಒಡೆಯನನ್ನು ಕೊಯ್ದೀತೇ? ಇದೇ ಎಂದು ಎತ್ತಿಕೊಂಡಳು. ಗೋಡೆಯ ಕಡೆಯಿಂದ ಹೂಂ ಎಂದು ಬಂತು, ಅಷ್ಟೇ.

ಕಿಟಕಿಯ ಸರಳಿಗೆ ಚರ್ಮದ ಪಟ್ಟಿ ಕಟ್ಟಿ ಕತ್ತಿಯನ್ನು ಉಜ್ಜಲು ತೊಡಗಿದಳು. ಬೆನ್ನು ಮುಂದೆ, ಅಲಗು ಹಿಂದೆ. ತುದಿಗೆ ಬಂದಾಗ ಬೆನ್ನಿನ ಮೇಲೇ ಮಗುಚಬೇಕು. ಅಷ್ಟನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಆದರೆ ಸದ್ದು ಸರಿಯಿರಲಿಲ್ಲ. ಅಪ್ಪ ಉಜ್ಜುವಾಗ ಒಂದೇ ಉಸಿರಿನ ಸದ್ದು; ಇವಳು ಉಜ್ಜಿದರೆ ಎರಡು ತುಂಡಾಗಿ ಕೇಳುತ್ತಿತ್ತು. ನಿಲ್ಲಿಸಿದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ತನಗೆ ತಾನೇ ಬೈದುಕೊಂಡಳು. ಆದರೆ ದರ್ಜಿಯ ಮನಸ್ಸು, ನೆಲ ಡೊಂಕೋ ಅಲ್ಲವೋ ಅಳೆದು ನೋಡದೆ ಬಿಡದು. ಕಪ್ಪು ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆದು, ಅಲಗನ್ನು ಅದರ ಅಂಚಿಗೆ ಹಿಡಿದಳು. ಎರಡು ತುದಿ ಗೆರೆಯ ಮೇಲೆ ಕೂತವು. ನಡುವೆ ಕೂದಲೆಳೆಯಷ್ಟು ಕಪ್ಪು ಉಳಿಯಿತು. ಅಷ್ಟು ವರ್ಷ ಸಾಣೆ ಕಂಡು ಅಲಗಿನ ನಡು ತೇದು ಒಳಗೆ ಹೋಗಿತ್ತು, ಅದೂ ಎಡಗೈಯ ಒತ್ತಿಗೆ ಒಂದು ಮಗ್ಗುಲಾಗಿ. ಅಪ್ಪನ ಮಣಿಕಟ್ಟಿಗೆ ಅದರ ಓರೆ ಗೊತ್ತಿತ್ತು. ಇವಳ ಬಲಗೈಯಲ್ಲಿ ಅದರ ಎರಡು ಮೂಲೆಗಳು ಮೊದಲು ಚರ್ಮಕ್ಕಿಳಿಯುತ್ತಿದ್ದವು.

ಅಪ್ಪನ ಬಳಿಗೆ ಹೋಗಿ, ಬದಲಾಯಿಸಬೇಕು ಎಂದಳು.

"ಒಂದು ಸಲ ಬದಲಾಯಿಸಬಹುದು" ಎಂದರು ಮಾಸ್ತರು, ತಿರುಗದೆಯೇ. "ಎರಡನೇ ಸಲ ಇಲ್ಲ."

ಈಗ ಅವಳು ಅವಸರ ಮಾಡಲಿಲ್ಲ. ಉಳಿದ ಮೂರನ್ನೂ ಮೇಜಿನ ಮೇಲಿಟ್ಟುಕೊಂಡು, ಮೊಳೆಯಿಂದ ಕನ್ನಡಿ ಇಳಿಸಿ, ಮಧ್ಯಾಹ್ನವೆಲ್ಲ ಕೂತಳು. ರವಿಕೆಯ ಅಳತೆಗೆ ಬಂದವರಿಗೆ ನಾಳೆ ಬನ್ನಿ ಎಂದಳು.

ಒಂದು ಕತ್ತಿಗೆ ದಂತದಂಥ ಬಿಳಿ ಹಿಡಿ, ಅದರ ಮೇಲೆ ಹೂಬಳ್ಳಿ. ಯಾರೋ ಶ್ರೀಮಂತ ಗಿರಾಕಿ ಮೆಚ್ಚಿ ಕೊಟ್ಟದ್ದಂತೆ. ಬಿಚ್ಚಿ ಬೆರಳ ಮೇಲೆ ನಿಲ್ಲಿಸಿದರೆ ಹಿಡಿಯ ಕಡೆಗೇ ವಾಲಿ ಬೀಳುತ್ತಿತ್ತು. ಮೂಗಿಗಿಂತ ಮೂಗುತಿ ಭಾರ. ಕನ್ನಡಿಯ ಮೇಲೆ ಅಂಗಾತ ಮಲಗಿಸಿದರೆ ಹಲ್ಲು ಕಡಿದ ಹಾಗೆ ಕಟಕಟ ಎಂದಿತು, ಬೆನ್ನೇ ಸೊಟ್ಟ. ಅದನ್ನು ಆಚೆ ಇಟ್ಟಳು.

ಇನ್ನೊಂದು ಹೊಸದು. ಮುಖ ನೋಡಿಕೊಳ್ಳಬಹುದು, ಅಷ್ಟು ಥಳಥಳ. ಕನ್ನಡಿಯ ಮೇಲೆ ಅಲುಗಲಿಲ್ಲ, ಗೆರೆಯ ಮೇಲೆ ನೇರ ಕೂತಿತು, ಕೈಯಲ್ಲಿ ಹಗುರ. ಇದೇ ಸರಿ ಎನ್ನುವಷ್ಟರಲ್ಲಿ ಪಕ್ಕಕ್ಕಿಡಲು ಹೋದಾಗ ಮೇಜಿನ ಬಟ್ಟೆಯನ್ನು ಅದರ ಮೂಲೆ ಕಚ್ಚಿಕೊಂಡಿತು. ತುದಿ ಚೌಕ, ಮೂಲೆ ಸೂಜಿಯಂತೆ ಚೂಪು. ಪಳಗಿದ ಕೈಗೆ ಮೀಸೆಯ ಅಂಚು ತೀಡಲು ಅದು ವರ. ಹೊಸಬಳ ಕೈಯಲ್ಲಿ ಕಿವಿಯ ಹಾಲೆಗೆ ಶಾಪ. ಬೆಳ್ಳಗಿರೋದೆಲ್ಲ ಹಾಲಲ್ಲ.

ಉಳಿದದ್ದು ಕರಿ ಹಿಡಿಯ, ಅಲ್ಲಲ್ಲಿ ಕಲೆ ಬಿದ್ದ, ಯಾರೂ ಎರಡನೆಯ ಸಲ ನೋಡದ ಒಂದು ಕತ್ತಿ. ತುದಿ ಉಗುರಿನ ಹಾಗೆ ದುಂಡಗೆ. ಅಗಲ ಇವಳ ಕಿರುಬೆರಳಿನಷ್ಟು. ಅಲುಗಲಿಲ್ಲ, ವಾಲಲಿಲ್ಲ, ಗೆರೆ ಬಿಟ್ಟು ಸರಿಯಲಿಲ್ಲ. ಮುಂಗೈಯ ಕೂದಲಿಗೆ ಇಟ್ಟರೆ ಮಾತ್ರ ಒಂದನ್ನೂ ಕತ್ತರಿಸಲಿಲ್ಲ; ಮೊಂಡು. ಬೇರೆ ಯಾವುದೂ ಉಳಿದಿರಲಿಲ್ಲ ಎಂದು ಇದನ್ನು ಒಪ್ಪಿಕೊಂಡೆನೋ, ಇದೇ ಸರಿ ಎಂದೋ ಎಂಬುದು ಅವಳಿಗೇ ತಿಳಿಯಲಿಲ್ಲ. ಅಪ್ಪನಿಗೆ ತೋರಿಸಿದಾಗ ಅವರು ಬೆರಳಲ್ಲಿ ಅದರ ಬೆನ್ನು ಸವರಿ, ಸಾಣೆಕಲ್ಲು ಪೆಟ್ಟಿಗೆಯ ತಳದಲ್ಲಿದೆ ಎಂದರು. ಸರಿಯೋ ತಪ್ಪೋ ಹೇಳಲಿಲ್ಲ.

ಮುಂದಿನ ಮೂರು ದಿನ ಮನೆಯಲ್ಲಿ ಊಟ ಹೊತ್ತಿಗೆ ಆಗಲಿಲ್ಲ. ಕಲ್ಲಿನ ಮೇಲೆ ಮಸೆದದ್ದು, ಚರ್ಮಕ್ಕೆ ಉಜ್ಜಿದ್ದು, ಬಲೂನು ಊದಿ ಸಾಬೂನಿನ ನೊರೆ ಬಳಿದು ಕೆರೆದದ್ದು. ಮೊದಲ ದಿನ ಹನ್ನೊಂದು ಬಲೂನು ಢಬ್ ಎಂದವು. ಪಂಕ್ಚರ್ ಹಾಕುವವನ ಮನೆಯಲ್ಲೇ ಇಷ್ಟು ಗಾಳಿ ಹೋದರೆ ನನ್ನ ಮರ್ಯಾದೆ ಏನಾಗಬೇಕು ಎಂದ ಅಳಿಯ. ಎರಡನೆಯ ದಿನ ನಾಲ್ಕು. ಮೂರನೆಯ ದಿನ ಒಂದು, ಅದೂ ಸಂಜೆಗೆ. ಆಗ ಅವಳು ಕತ್ತಿ ಹಿಡಿದು ಗಂಡನ ಕಡೆ ನೋಡಿದಳು. ಅವನು ಸ್ಟೂಲು ಎಳೆದುಕೊಂಡು ಕೂತ.

"ಗಡ್ಡ ಎಲ್ಲಾ ತಗೋ. ಮೂಗು ಬಿಡು, ಫೋಟೋಕ್ಕೆ ಬೇಕು."

ಬಲಗಲ್ಲ ಸಲೀಸಾಗಿ ಆಯಿತು. ಗದ್ದದ ಕೆಳಗೆ ಒಂದು ಕೆಂಪು ಹನಿ ಮೂಡಿತು. ಗೋಡೆಯ ಕಡೆ ಮುಖ ಮಾಡಿದ್ದ ಮಾಸ್ತರು ಅದನ್ನು ಹೇಗೆ ಕಂಡರೋ, ಚರ್ಮ ಎಳೆದು ಹಿಡಿಯಲಿಲ್ಲ ಎಂದರು. ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಮಾಸ್ತರು ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು, ತಾವೇ ಟವೆಲ್ಲು ಸುತ್ತಿಕೊಂಡು ಕೂತರು. ಉದ್ದದ ಗಡ್ಡವನ್ನು ಅವಳು ಮೊದಲು ಕತ್ತರಿಯಲ್ಲಿ ಇಳಿಸಿದಳು. ಬಿಸಿನೀರಿನ ಬಟ್ಟೆ ಹಾಕಿದಳು, ನೊರೆ ಏರಿಸಿದಳು. ಅಳಿಯ ಬಾಗಿಲಲ್ಲಿ ನಿಂತಿದ್ದವನು, ಉಸಿರಿನ ಸದ್ದಿಗೂ ಅವಳ ಕೈ ಅಲುಗೀತೆಂದು ಹೊರಗೆ ಹೋದ.

ಬಲಗಲ್ಲ. ಕಿವಿಯ ಪಕ್ಕದಿಂದ ಗಿಡ್ಡ ಗಿಡ್ಡ ಎಳೆತ, ಪ್ರತಿ ಎಳೆತಕ್ಕೂ ಎಡಗೈಯಿಂದ ಚರ್ಮ ಬಿಗಿ. ಕರಿ ಕತ್ತಿ ಒಣ ಎಲೆ ಜರುಗಿದ ಸದ್ದು ಮಾಡಿತು. ಎಡಗಲ್ಲ. ಮೇಲ್ದುಟಿ. ಗದ್ದದ ಗುಳಿಯಲ್ಲಿ ದುಂಡು ತುದಿ ಎಲ್ಲೂ ಕಚ್ಚದೆ ತಿರುಗಿ ಬಂತು. ಮಾಸ್ತರ ಕಣ್ಣು ಮುಚ್ಚಿತ್ತು. ಅವರು ಕತ್ತೆತ್ತಿದರು. ಬಲಗಡೆಯ ಗಂಟಲು ಮೇಲಿಂದ ಕೆಳಗೆ. ನಡುವೆ, ಗುಟುಕು ಏರಿಳಿಯುವ ಜಾಗದಲ್ಲಿ, ಅವರು ನುಂಗಿ ಮುಗಿಸುವ ತನಕ ಕಾದು, ಒಂದೇ ಎಳೆತ. ಹನಿ ಇಲ್ಲ.

ಉಳಿದದ್ದು ಎಡದವಡೆಯ ಕೆಳಗೆ, ಅಂಗೈಯಗಲ ನೊರೆ. ಅವಳು ಬೆರಳಿಟ್ಟು ಚರ್ಮ ಎಳೆದಳು. ಗಂಟಿನ ಮೇಲೆ ಚರ್ಮ ಎಳೆಯಲು ಬರಲಿಲ್ಲ. ತುಂಬಿದ ಬಲೂನಿಗಿಂತ ಬಿಗಿ, ತೆಳು, ಒಳಗಿನ ನೀಲಿ ನರ ನೊರೆಯ ಸಂದಿಯಲ್ಲಿ ಕಾಣುತ್ತಿತ್ತು. ಕತ್ತಿಯನ್ನು ಹತ್ತಿರ ಒಯ್ದಳು. ಹಿಂದಕ್ಕೆ ತಂದಳು. ಬೇರೆ ಓರೆಯಲ್ಲಿ ಒಯ್ದಳು. ಮತ್ತೆ ಹಿಂದಕ್ಕೆ ತಂದಳು.

"ಇನ್ನೂ ಉಳಿದಿದೆ" ಎಂದರು ಮಾಸ್ತರು, ಕಣ್ಣು ಬಿಡದೆ.

"ಅಲ್ಲಿ ಇಡಲ್ಲ ಅಪ್ಪ."

"ಇಟ್ಟು ನೋಡು. ಕತ್ತಿ ಒಳ್ಳೇದೇ ಆರಿಸಿದೀಯ."

"ಕತ್ತಿ ಒಳ್ಳೇದೇ. ಜಾಗ ಒಳ್ಳೇದಲ್ಲ."

"ಪೂರ್ತಿ ತೆಗೀಬೇಕು ಅಂತ ಮಾತು. ಬಿಟ್ರೆ ಸೋತ ಹಾಗೆ."

ಅವಳ ಕಣ್ಣಲ್ಲಿ ನೀರು ತುಂಬಿ ನೊರೆಯೂ ಕತ್ತಿಯೂ ಒಂದಾಗಿ ಕಂಡವು. ಅಂಥ ಕಣ್ಣಲ್ಲಿ ಕತ್ತಿ ಹಿಡಿಯಬಾರದೆಂದು ಅದನ್ನು ಮಡಚಿ ಮೇಜಿನ ಮೇಲಿಟ್ಟಳು.

"ಸೋತೆ" ಎಂದಳು.

ಮಾಸ್ತರು ಟವೆಲ್ಲಿನ ತುದಿಯಿಂದ ಮುಖವನ್ನೆಲ್ಲ ಒತ್ತಿ, ಬೆಳಕಿಗೆ ಹಿಡಿದು ಬಟ್ಟೆಯನ್ನು ನೋಡಿದರು. ತಿರುಗಿಸಿಯೂ ನೋಡಿದರು; ಎಲ್ಲೂ ಕೆಂಪಿರಲಿಲ್ಲ. ನಡುಗುವ ಕೈಯಿಂದ ಉಳಿದ ನೊರೆಯನ್ನು ಒರೆಸಿಕೊಂಡರು.

"ಎಷ್ಟು ಹೊತ್ತಿಗೆ ಬರ್ತಾರೆ ಆ ಡಾಕ್ಟರು?"

ಹತ್ತಕ್ಕೆ ಎಂದಳು, ಅರ್ಥವಾಗದೆ.

"ನೀನು ಅಲ್ಲಿ ಕತ್ತಿ ಇಟ್ಟು ಗೆದ್ದಿದ್ರೂ ನಾನು ಬರ್ತಿರಲಿಲ್ಲ. ಇನ್ನೊಂದು ನೆವ ಹುಡುಕ್ತಿದ್ದೆ" ಎಂದು ಅಂಗಿ ಕೇಳಿದರು.

ನುಣ್ಣನೆಯ ಮುಖ, ದವಡೆಯ ಕೆಳಗೆ ಒಂದೇ ಒಂದು ಬಿಳಿ ಕುಚ್ಚು: ಹಾಗೆಯೇ ಬೀದಿಗಿಳಿದರು. ಎದುರು ಸಲೂನಿನಿಂದ ಶಿಷ್ಯ ಬಾಚಣಿಗೆ ಹಿಡಿದೇ ಹೊರಬಂದು ಬಾಯಿ ಬಿಟ್ಟು ನಿಂತ. ಕೆಲಸ ನಡೆಯುತ್ತಿದೆ, ಒಳಗೆ ಹೋಗು ಎಂದರು ಮಾಸ್ತರು.

ಡಾಕ್ಟರು ಮೂವತ್ತೈದರ ಹೆಂಗಸು. ಎದ್ದು ಬಂದು ಕುತ್ತಿಗೆಯ ಕಡೆ ಕೈ ಚಾಚಿದರು. ಮಾಸ್ತರು ಹಿಂದಕ್ಕೆ ಸರಿದು, ಮೊದಲು ಒಂದು ಮಾತು ಹೇಳಮ್ಮ ಎಂದರು.

"ಇಲ್ಲಿ ಕೊಯ್ಯಬಾರದು ಅಂತ ಅನ್ನಿಸಿ, ಎಷ್ಟು ಸಲ ಕೈ ಹಿಂದಕ್ಕೆ ತಗೊಂಡಿದೀಯ?"

ಮಗಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೆ ಡಾಕ್ಟರು ನಗಲಿಲ್ಲ. ಕಿಟಕಿಯ ಕಡೆ ನೋಡಿ ನೆನಪು ಮಾಡಿಕೊಂಡರು.

"ಮೂರು ಸಲ."

"ಆ ಮೂರು ಜನ?"

"ಇಬ್ಬರು ಇದ್ದಾರೆ."

ಮಾಸ್ತರು ಆ ಮಾತನ್ನು ತೂಗಿ ನೋಡಿದರು. ಮೂವರೂ ಎಂದಿದ್ದರೆ ನಂಬದೆ ಎದ್ದು ಹೋಗುತ್ತಿದ್ದರೋ ಏನೋ. ಕಣ್ಣು ಮುಚ್ಚಿ ಮೆಲ್ಲಗೆ ಕತ್ತೆತ್ತಿ ಕೊಟ್ಟರು. ಡಾಕ್ಟರ ಬೆರಳು ದವಡೆಯ ಕೆಳಗೆ ತಾಕಿದ್ದೇ ತಡ, ಕಣ್ಣು ತೆರೆದರು.

"ಕೈ ಬಿಸಿ ಮಾಡ್ಕೊಳ್ಳಮ್ಮ. ಗಿರಾಕಿ ಬೆಚ್ಚಿಬೀಳ್ತಾನೆ."

ಡಾಕ್ಟರು ಎರಡೂ ಅಂಗೈಗಳನ್ನು ಒಂದಕ್ಕೊಂದು ಉಜ್ಜಿಕೊಂಡು, ಮತ್ತೆ ಬೆರಳಿಟ್ಟರು.