ಗೋಡೆಯ ಗುಟ್ಟು ಬಲ್ಲ ನೆಲ್ಡಾ

ಟೆಕ್ಸಸ್‌ನ ಬಡಗಣ ಬಯಲಿನ ಆ ಹತ್ತಿ ಸೀಮೆಯಲ್ಲಿ ನೆಲ್ಡಾ ಟ್ರೂಯಿಟ್ ಎಂದರೆ ಎಲ್ಲರಿಗೂ ‘ಮಿಸ್ ನೆಲ್ಡಾ’. ಊರಿಗಿದ್ದದ್ದು ಒಂದೇ ಶಾಲೆ, ನೂರ ನಲವತ್ತು ಮಕ್ಕಳು. ಇಪ್ಪತ್ತಾರು ವರ್ಷದಿಂದ ಆ ಶಾಲೆಯ ನೆಲ ಒರೆಸಿದವಳು, ಕೆಟ್ಟ ನಲ್ಲಿ ಸರಿಮಾಡಿದವಳು, ಗೋಡೆಯ ತೂತು ಮುಚ್ಚಿದವಳು ಅವಳೇ.

ತೂತಿಗೇನು ಬರವೇ? ಏಳನೇ ಕ್ಲಾಸಿನವನೊಬ್ಬ ಸಿಟ್ಟಿನಲ್ಲಿ ಗುದ್ದಿದರೆ ಒಂದು, ಕುರ್ಚಿಯ ಬೆನ್ನು ತಾಗಿದರೆ ಇನ್ನೊಂದು. ಪುಟ್ಟಿ ಕಲಸಿ ಮುಚ್ಚಿ, ಉಜ್ಜಿ, ಬಣ್ಣ ಬಳಿದು ಮನೆಗೆ ಹೋಗುತ್ತಿದ್ದಳು. ಹೀಗಾಗಿ ಆ ಕಟ್ಟಡದ ಯಾವ ಗೋಡೆ ಕಾಂಕ್ರೀಟಿನದು, ಯಾವುದು ಬರೀ ತೆಳ್ಳನೆಯ ಜಿಪ್ಸಂ ಹಲಗೆಯದು ಎಂಬುದು ಕಟ್ಟಿಸಿದವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಮೇಲೆ ಬಳಿದದ್ದು ಎಲ್ಲಕ್ಕೂ ಅದೇ ಕೆನೆ ಬಣ್ಣ. ನೋಡಿದವರಿಗೆ ಎಲ್ಲವೂ ಗಟ್ಟಿ ಗೋಡೆಯೇ.

ಮೇ ತಿಂಗಳಲ್ಲಿ ಶಾಲೆಯ ಆಡಳಿತ ಮಂಡಳಿ ಬಾಗಿಲು ಹಾಕಿಕೊಂಡು ಸಭೆ ಸೇರಿತು. ಮಂಡಳಿ ಬರೆದುಕೊಟ್ಟರೆ ಶಾಲೆಯ ನೌಕರರು ಪಿಸ್ತೂಲು ಇಟ್ಟುಕೊಳ್ಳಬಹುದೆಂದು ರಾಜ್ಯದ ಕಾನೂನೇ ಹೇಳುತ್ತಿತ್ತು. ಯಾವನಾದರೂ ಬಂದೂಕು ಹಿಡಿದು ಶಾಲೆಗೆ ನುಗ್ಗಿದರೆ ಶೆರಿಫ್‌ನ ಪೊಲೀಸ್ ಗಾಡಿ ಬರಬೇಕೆಂದರೆ ನಲವತ್ತು ನಿಮಿಷ. ಅಷ್ಟು ಹೊತ್ತು ಮಕ್ಕಳಿಗೆ ಯಾರು ದಿಕ್ಕು? ನಾಲ್ವರನ್ನು ಆರಿಸಿದ್ದರು. ಹೆಸರು ಹೊರಗೆ ಬೀಳುವಂತಿಲ್ಲ. ಕಾಡುಹಂದಿ ಹೊಡೆಯುವುದರಲ್ಲಿ ಎತ್ತಿದ ಕೈ ಎನಿಸಿದ್ದ ನೆಲ್ಡಾ ಆ ನಾಲ್ವರಲ್ಲಿ ಒಬ್ಬಳು.

ಮಂಡಳಿ ಬರೆದಿದ್ದ ನಿಯಮಗಳ ಕರಡನ್ನು ಓದಿ ಮುಗಿಸಿ ಅವಳು ಕನ್ನಡಕ ತೆಗೆದಳು. “ಎಲ್ಲಾ ಸರಿ. ಯಾವ ಗುಂಡು ಅಂತ ಎಲ್ಲಿ ಬರೆದಿದೀರಿ?”

ಮಂಡಳಿಯ ಅಧ್ಯಕ್ಷ ಬುಚ್ ಹ್ಯಾಗರ್ಟಿ ಹತ್ತಿ ಗಿರಣಿಯ ಯಜಮಾನ, ಅವಳ ಜೊತೆಯಲ್ಲೇ ಓದಿದವನು. “ಗುಂಡು ಅಂದ್ರೆ ಗುಂಡು ಕಣೆ ನೆಲ್ಡಾ. ನಮ್ಮನೇಲಿ ಪೆಟ್ಟಿಗೆಗಟ್ಲೆ ಬಿದ್ದಿದೆ, ಪುಗಸಟ್ಟೆ ಕೊಡ್ತೀನಿ, ತಗೋ.”

“ಹಂದಿ ಹೊಡೆಯೋ ಗುಂಡದು. ಮೂರನೇ ಕ್ಲಾಸಲ್ಲಿ ಹೊಡೆದ್ರೆ ನಾಲ್ಕನೇ ಕ್ಲಾಸಿನ ಮಕ್ಕಳ ಮೈಗೆ ಹೋಗುತ್ತೆ. ತಾಗಿದ ಕೂಡ್ಲೇ ಪುಡಿಯಾಗೋ ಗುಂಡು ಸಿಗುತ್ತೆ. ಅದೇ ಆಗಬೇಕು ಅಂತ ಬರೀರಿ.”

“ಮಧ್ಯೆ ಗೋಡೆ ಇಲ್ವೇನೆ?”

“ಅದನ್ನ ಗೋಡೆ ಅಂತೀಯಾ? ನಿನ್ನ ಮಗ ಹೈಸ್ಕೂಲಲ್ಲಿದ್ದಾಗ ತಲೇಲೇ ತೂತು ಮಾಡಿದ್ದ. ಮುಚ್ಚಿದ್ದು ನಾನು.”

ಸಭೆ ಘೊಳ್ಳೆಂದು ನಕ್ಕಿತು. ಸೂಪರಿಂಟೆಂಡೆಂಟ್ ಕೋಲ್ಬಿ ರೆನ್‌ಫ್ರೋ ಮಾತ್ರ ಗಂಟಲು ಸರಿಮಾಡಿಕೊಂಡ. “ಮಿಸ್ ನೆಲ್ಡಾ, ಸೋಮವಾರ ಮತ ಹಾಕ್ಬೇಕು. ಈಗ ಹೊಸ ತಕರಾರು ತೆಗೀಬೇಡಿ.”

“ಕೋಲ್ಬಿ, ಒಂದನೇ ಕ್ಲಾಸಲ್ಲಿ ನೀನು ವಾಂತಿ ಮಾಡ್ದಾಗ ಒರೆಸಿದವಳು ನಾನು. ಆಗ ತಕರಾರು ತೆಗೆದಿದ್ನಾ? ಶನಿವಾರ ಬೆಳಿಗ್ಗೆ ಎಲ್ರೂ ಗಿರಣಿ ಹಿಂದಿನ ಮಣ್ಣಿನ ಗುಂಡಿಗೆ ಬನ್ನಿ. ನೋಡಿ, ಆಮೇಲೆ ಮತ ಹಾಕಿ. ಬರಲ್ಲ ಅಂದ್ರೆ ನನ್ನ ಹೆಸರು ಈಗಲೇ ಹೊಡೆದುಹಾಕಿ.”

ಶನಿವಾರ ಅವರು ಬರುವ ಹೊತ್ತಿಗೆ ಅವಳ ಕೆಲಸ ಮುಗಿದಿತ್ತು. ಉಗ್ರಾಣದಲ್ಲಿ ಉಳಿದಿದ್ದ ಹಲಗೆಗಳಿಂದ ಶಾಲೆಯಲ್ಲಿರುವಂಥವೇ ಎರಡು ಗೋಡೆ ನಿಲ್ಲಿಸಿದ್ದಳು, ಒಂದರ ಹಿಂದೆ ಒಂದು. ಮೊದಲನೆಯದು ಮೂರನೇ ಕ್ಲಾಸಿನ ಈಚೆ ಗೋಡೆ, ಎರಡನೆಯದು ಆಚೆಯದು, ನಡುವೆ ಒಂದು ತರಗತಿಯ ಅಗಲ. ಎರಡನೆಯದರ ಹಿಂದೆ ಹದಿನಾಲ್ಕು ಪುಟ್ಟ ಕುರ್ಚಿ, ಒಂದೊಂದರ ಮೇಲೂ ನೀರು ತುಂಬಿದ ಹಾಲಿನ ಕ್ಯಾನು. ನಾಲ್ಕನೇ ಕ್ಲಾಸಿನಲ್ಲಿದ್ದದ್ದೂ ಹದಿನಾಲ್ಕೇ ಮಕ್ಕಳು. ಅವಳದನ್ನು ಹೇಳಲಿಲ್ಲ. ಕೋಲ್ಬಿ ತಾನೇ ಎಣಿಸಿ ಟೋಪಿ ತೆಗೆದ.

ಮೊದಲು ಬುಚ್‌ನ ಗುಂಡು. ಢಂ ಎಂದದ್ದೇ ತಡ, ಅದು ಎರಡೂ ಗೋಡೆ ತೂರಿ ಹೋಯಿತು, ಮಧ್ಯದ ಸಾಲಿನ ಕ್ಯಾನು ಸಿಡಿದು ನೀರು ಚಿಮ್ಮಿತು. ನೆಲ್ಡಾ ಪುಡಿಗುಂಡು ತುಂಬಿ ಅಷ್ಟೇ ದೂರದಿಂದ ಹೊಡೆದಳು. ಎಲ್ಲರೂ ಗೋಡೆಯ ಹಿಂದಕ್ಕೆ ಹೋಗಿ ಬಗ್ಗಿ ನೋಡಿದರು. ಕಡೆಯ ಕುರ್ಚಿಯ ಕ್ಯಾನಿನಿಂದ ನೀರು ಸಣ್ಣಗೆ ಸುರಿಯುತ್ತಿತ್ತು.

“ನಿನ್ನ ಪುಡಿಗುಂಡೂ ತೂರ್ತಲ್ಲೇ!” ಎಂದ ಬುಚ್.

ನೆಲ್ಡಾಳ ಮುಖ ಕೆಂಪೇರಿತು. ಗಟ್ಟಿಯಾದದ್ದಕ್ಕೆ ತಾಗಿದರಷ್ಟೇ ಅದು ಪುಡಿಯಾಗುತ್ತದೆ, ಹಲಗೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಇಷ್ಟು ದಿನ ನಂಬಿದ್ದು ಕಣ್ಣೆದುರೇ ತೂತಾಗಿತ್ತು. ಗಾಡಿಯಿಂದ ಒಂದು ಕಾಂಕ್ರೀಟ್ ಇಟ್ಟಿಗೆ ಹೊತ್ತು ತಂದಿಟ್ಟು, ಎಲ್ಲರನ್ನೂ ದೂರ ನಿಲ್ಲಿಸಿ ಅದಕ್ಕೆ ಹೊಡೆದಳು. ಈ ಸಲ ಗುಂಡು ಬೂದಿಯಂತೆ ಉದುರಿತು.

“ನಾನು ಹೇಳಿದ್ದು ಅರ್ಧ ತಪ್ಪು” ಎಂದಳು. “ಗುಂಡು ಒಂದೇ ಸಾಲದು. ಯಾವುದು ಕಾಂಕ್ರೀಟು, ಯಾವುದು ಹಲಗೆ ಅಂತ ಹೊಡೆಯೋನಿಗೆ ಗೊತ್ತಿರ್ಬೇಕು. ಪುಡಿಗುಂಡು ಬಿಟ್ಟು ಬೇರೆ ಬೇಡ. ಹಲಗೆ ಗೋಡೆ ಕಡೆಗೆ ಗುರಿ ಇಡೋ ಹಾಗಿಲ್ಲ. ಪಿಸ್ತೂಲು ಕೊಡೋಕ್ಮುಂಚೆ ಪ್ರತಿಯೊಬ್ಬರೂ ನನ್ನ ಜೊತೆ ಕಟ್ಟಡ ಸುತ್ತಿ ಪಾಸಾಗಬೇಕು. ಇಷ್ಟೂ ಬರೀರಿ.”

“ಆ ಹೊತ್ತಲ್ಲಿ ಗೋಡೆ ನೋಡ್ಕೊಂಡು ಯಾರು ಕೂತಿರ್ತಾರೆ?”

“ನೋಡಕ್ಕಾಗದವನು ಪಿಸ್ತೂಲು ಮುಟ್ಟೋದೇ ಬೇಡ ಬುಚ್. ಅದರಲ್ಲಿ ನಾನೂ ಸೇರಿದೀನಿ.”

ಸೋಮವಾರ ಏಳು ಮತಗಳಲ್ಲಿ ನಾಲ್ಕು ಅವಳ ಕಡೆ ಬಿದ್ದವು. ಬುಚ್‌ನದು ಬೀಳಲಿಲ್ಲ.

ಆಗಸ್ಟ್‌ನಲ್ಲಿ ಶಾಲೆ ತೆರೆಯುವ ಮೊದಲು ಆರಿಸಿದ ಉಳಿದ ಮೂವರು ಒಬ್ಬೊಬ್ಬರಾಗಿ ಬಂದರು. ವಿಜ್ಞಾನದ ಮೇಷ್ಟ್ರು ಮೊದಲ ಸುತ್ತಿನಲ್ಲೇ ಪಾಸಾದರು. ಆಫೀಸಿನ ಹೆಂಗಸಿಗೆ ಎರಡು ಸುತ್ತು ಬೇಕಾಯಿತು. ಕಡೆಗೆ ಬಂದವನು ಫುಟ್‌ಬಾಲ್ ಕೋಚ್ ಟ್ರೇಸ್, ಬುಚ್‌ನ ತಂಗಿಯ ಮಗ. ಗುರಿಯಲ್ಲಿ ಎಲ್ಲರಿಗಿಂತ ಮುಂದು.

ಗ್ರಂಥಾಲಯದ ಬಾಗಿಲಲ್ಲಿ ನಿಲ್ಲಿಸಿ ಕೇಳಿದಳು. “ಬಂದೂಕು ಹಿಡಿದು ನುಗ್ಗಿದವನು ಆ ಮೂಲೇಲಿ ನಿಂತಿದಾನೆ ಅಂದ್ಕೋ. ಹೊಡೀತೀಯಾ?”

“ಹೊಡೀತೀನಿ ಮಿಸ್ ನೆಲ್ಡಾ. ಹಿಂದೆ ಕಾಂಕ್ರೀಟ್ ಇದ್ಯಲ್ಲ.”

“ಹಿಂದಿರೋದು ಎರಡನೇ ಕ್ಲಾಸು ಕಣಪ್ಪ. ಮಧ್ಯೆ ಇರೋದು ಹಲಗೆ.”

“ಅಯ್ಯೋ, ಬಣ್ಣ ಒಂದೇ ಥರ ಇದೆ!”

“ಅದಕ್ಕೇ ಕೇಳಿದ್ದು.” ಅವಳು ಅವನ ಪಾಸಿನ ಕಾಗದ ಮಡಚಿ ಜೇಬಿಗಿಟ್ಟಳು. ಸಹಿ ಹಾಕಲಿಲ್ಲ.

ಮಧ್ಯಾಹ್ನವೇ ಬುಚ್‌ನ ಫೋನು. “ಏನೇ ಇದು? ಜಿಲ್ಲೆಗೇ ಮೊದಲನೇ ಗುರಿಕಾರ ಅವನು. ನಾಡಿದ್ದು ಸ್ಕೂಲು ಶುರು. ಒಂದು ಗೋಡೆ ತಪ್ಪು ಹೇಳಿದ್ದಕ್ಕೆ ನನ್ನ ತಂಗಿ ಮಗನ್ನ ನಪಾಸು ಮಾಡ್ತೀಯಾ?”

ನೆಲ್ಡಾ ಆಗ ಊಟದ ಕೋಣೆಯ ನೆಲಕ್ಕೆ ಮೇಣ ಹಚ್ಚುತ್ತಿದ್ದಳು. ಫೋನನ್ನು ಹೆಗಲಿಗೆ ಒತ್ತಿ ಹಿಡಿದು, ಕೈ ನಿಲ್ಲಿಸದೆ ಹೇಳಿದಳು. “ಆ ಒಂದು ಗೋಡೆ ಹಿಂದೆ ಹನ್ನೊಂದು ಮಕ್ಕಳು ಕೂರ್ತವೆ ಬುಚ್. ಮಂಗಳವಾರ ಬೆಳಿಗ್ಗೆ ಆರಕ್ಕೆ ಕಳಿಸು, ಇನ್ನೊಂದು ಸಲ ಸುತ್ತಿಸ್ತೀನಿ. ಬುಧವಾರನೂ ಬರ್ಲಿ, ಗುರುವಾರನೂ ಬರ್ಲಿ. ಗೊತ್ತಾಗೋವರೆಗೆ ಅವನ ಕೈಲಿ ಆಟ ಆಡಿಸೋ ಸೀಟಿ ಒಂದೇ.”