ನ್ಯಾಯಾಧೀಶರ ಹೆಂಡತಿಯ ಕೈ

ಈ ಊರಿನ ದೊಡ್ಡ ಮನೆಗಳ ಹಾಲ್‌ಗಳಲ್ಲಿ ನನ್ನ ಕೈಗಳು ನೇತಾಡುತ್ತಿವೆ. ಏನಿಲ್ಲವೆಂದರೂ ನಲವತ್ತು ಜೊತೆ. ಒಂದಕ್ಕೂ ನನ್ನ ಮುಖವಿಲ್ಲ.

ನಮ್ಮನೆಯವರು ಭಾವಚಿತ್ರ ಬರೆಯುವವರು. ಊರವರ ಬಾಯಲ್ಲಿ ಬಣ್ಣದ ಸಾಹೇಬರು. ಚಿತ್ರ ಬರೆಸಿಕೊಳ್ಳಲು ಬರುವ ದೊಡ್ಡ ಮನೆ ಹೆಂಗಸರು ಮುಖಕ್ಕೆಂದು ಎರಡು ದಿನ ಕೂರುತ್ತಾರೆ. ಮೂರನೆಯ ದಿನ ಅವರಿಗೆ ಬೆನ್ನುನೋವು. ಹಾಗಾಗಿ ಕೈಗಳ ಕೆಲಸ ಅವರಿಲ್ಲದೆಯೇ ನಡೆಯುತ್ತದೆ. ಉಂಗುರಗಳು ಡಬ್ಬಿಯಲ್ಲಿ ಬರುತ್ತವೆ, ನಾನು ತೊಟ್ಟುಕೊಂಡು ಮಡಿಲಲ್ಲಿ ಕೈಯಿಟ್ಟು ಕೂರುತ್ತೇನೆ. ಒಮ್ಮೆ ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳಿ ಎದ್ದೆ.

"ಕೂತ್ಕೊಳ್ಳೇ, ನೀನೀಗ ಬ್ಯಾಂಕ್ ಮ್ಯಾನೇಜರ್ ಹೆಂಡ್ತಿ. ಅವರು ಹಾಲು ಉಕ್ಕಿದ್ರೆ ಎದ್ದು ಓಡ್ತಾರಾ?" ಅಂದರು.

"ಪಾತ್ರೆ ಉಜ್ಜೋಕೆ ಮಾತ್ರ ಆ ಮ್ಯಾನೇಜರ್ ಹೆಂಡ್ತಿ ಬರಲ್ಲ ರೀ" ಅಂದೆ. ಹಾಲಂತೂ ಹೋಯಿತು.

ಇದೇ ಕೈಗೆ ಇನ್ನೊಂದು ಚಾಕರಿ ಕಾಗದ ಬರೆಯುವುದು. ನಮ್ಮವರ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಮದುವೆಯಾದ ವರ್ಷವೇ ಲೇಖನಿ ನನ್ನ ಕೈಗೆ ಬಂತು, ಮತ್ತೆ ಬಿಡಲಿಲ್ಲ. ಸಿಟಿಂಗಿಗೆ ಮುಂಚೆ ಒಂದು ಕಾಗದ, ಮುಗಿದ ಮೇಲೆ ಒಂದು. ಯಾರ ಅತ್ತೆಗೆ ಮಂಡಿನೋವು, ಯಾರ ಮಗ ಎರಡನೇ ಸಲವೂ ಫೇಲು, ಯಾರ ನಾಯಿ ಸತ್ತಿತು, ಎಲ್ಲ ನೆನಪಿಟ್ಟುಕೊಂಡು ಹದವಾಗಿ ನಾಲ್ಕು ಸಾಲು ಬರೆಯಬೇಕು. ಇವರು ಓದದೆಯೇ ಕೆಳಗೆ ಸಹಿ ಎಳೆಯುತ್ತಾರೆ. ಬಂದ ಕಾಗದಗಳನ್ನೂ ಒಡೆಯುವುದಿಲ್ಲ, ನೇರ ನನ್ನ ಮೇಜಿಗೆ ಹಾಕುತ್ತಾರೆ. ಔತಣಗಳಲ್ಲಿ ಜನ, "ಏನು ಬರೀತೀರಿ ಸಾಹೇಬರೇ, ಓದ್ತಾ ಇದ್ರೆ ಕಣ್ಣು ತುಂಬಿ ಬರತ್ತೆ" ಎಂದರೆ ಇವರು ತಲೆ ತಗ್ಗಿಸಿ ನಗುತ್ತಾರಂತೆ. ಮನೆಗೆ ಬಂದು ಅದನ್ನು ನನಗೇ ಹೇಳಿ ಖುಷಿಪಡುತ್ತಾರೆ. ಕೆಲಸ ಯಾರದೋ, ಹೆಸರು ಯಾರದೋ. ಹೊಟ್ಟೆ ಉರಿಯುವುದಿಲ್ಲ ಎಂದರೆ ಸುಳ್ಳಾಗುತ್ತದೆ.

ನಾನು ಕೇಳಿದ್ದು ಒಂದೇ. ನನ್ನದೊಂದು ಚಿತ್ರ, ನನ್ನ ಮುಖಕ್ಕೆ ನನ್ನದೇ ಕೈ. ಇಪ್ಪತ್ತೆಂಟು ವರ್ಷ ಮೂಗಿಗೆ ತುಪ್ಪ ಸವರಿದರು. "ಇವರೊಬ್ಬರದ್ದು ಮುಗೀಲಿ ತಡಿಯೇ." ಮೂರು ಸಲ ನನಗೆಂದೇ ಕ್ಯಾನ್ವಾಸ್ ಬಿಗಿದರು, ಮೂರರ ಮೇಲೂ ಬೇರೆಯವರು ಬಂದು ಕೂತರು. ಹಿತ್ತಲ ಗಿಡ ಮದ್ದಲ್ಲ ಎಂದು ನಾನೂ ಸುಮ್ಮನಾಗುತ್ತಿದ್ದೆನೇನೋ. ಆದರೆ ಹೋದ ವರ್ಷ ಇವರ ಕಣ್ಣು ಮಂಜಾಗತೊಡಗಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇದು ಗುಣವಾಗೋದಲ್ಲಮ್ಮ. ಸಣ್ಣ ಕುಸುರಿ ಕೆಲಸ ಇನ್ನು ಐದಾರು ತಿಂಗಳು ಮಾಡಬಹುದು, ಅಷ್ಟೇ" ಎಂದರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ನನಗೆ ಅವರ ಕಣ್ಣಿನ ಚಿಂತೆಯ ಜೊತೆಗೇ ನನ್ನ ಚಿತ್ರದ ಚಿಂತೆಯೂ ಹತ್ತಿಕೊಂಡಿತು. ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಬಾಯಲ್ಲಿ ಕೇಳಿ ಸಾಕಾಗಿತ್ತು, ಇವರಿಗೇ ಒಂದು ಕಾಗದ ಬರೆದೆ. "ಮಾನ್ಯರೇ, ನಾನು ಈ ಊರಿನ ಹಳೆಯ ಗೃಹಿಣಿ. ತಮ್ಮಿಂದ ಭಾವಚಿತ್ರ ಬರೆಸಿಕೊಳ್ಳುವ ಆಸೆ ಬಹಳ ಕಾಲದ್ದು. ದಯಮಾಡಿ ಸಮಯ ಕೊಡಬೇಕು." ಅಂಚೆಚೀಟಿ ಹಚ್ಚಿ ಡಬ್ಬಿಗೆ ಹಾಕಿದೆ. ಮೂರನೆಯ ದಿನ ಪೋಸ್ಟ್‌ಮನ್ ತಂದುಕೊಟ್ಟ. ಇವರು ಎಂದಿನ ಹಾಗೆ ನನ್ನ ಮೇಜಿಗೆ ಹಾಕಿದರು.

"ಯಾರದು?"

"ಯಾರೋ ಗೃಹಿಣಿಯಂತೆ. ಚಿತ್ರ ಬರೆಸಿಕೊಳ್ಳೋ ಆಸೆಯಂತೆ."

"ಒಳ್ಳೇ ಮನೆಯವರಾ?"

"ಮನೆ ಪರವಾಗಿಲ್ಲ. ಗಂಡನಿಗೆ ಮಾತ್ರ ಪುರುಸೊತ್ತಿಲ್ಲ."

"ಸೋಮವಾರ ಹತ್ತು ಗಂಟೆಗೆ ಬರಲಿ ಅಂತ ಬರಿ."

ಬರೆದೆ. ಇವರು ಸಹಿ ಎಳೆದರು. ಸೋಮವಾರ ಹತ್ತಕ್ಕೆ ತಲೆ ಬಾಚಿಕೊಂಡು ಹೋಗಿ ಕುರ್ಚಿಯಲ್ಲಿ ಕೂತೆ.

"ಏಳೇ, ಅವರು ಬರೋ ಹೊತ್ತು."

"ಬಂದಾಯ್ತು" ಎಂದು ಅವರದೇ ಸಹಿಯ ಕಾಗದ ಮುಂದೆ ಹಿಡಿದೆ. ಕಣ್ಣಿನ ಹತ್ತಿರ ತಂದು ಓದಿದರು. ಬಹುಶಃ ನಾನು ಬರೆದದ್ದನ್ನು ಅವರು ಓದಿದ್ದು ಅದೇ ಮೊದಲು. "ಸಹಿ ಹಾಕಿದ ಮೇಲೆ ಇನ್ನೇನು ಮಾಡೋದು" ಎಂದು ಕುಂಚ ತೆಗೆದರು.

ಮೂರು ಬೆಳಿಗ್ಗೆ ಕೂತೆ. ಸುಳ್ಳು ಯಾಕೆ ಹೇಳಲಿ, ಆ ಮೂರು ದಿನ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ನನ್ನನ್ನು ನೋಡಿದರು, ಹತ್ತಿರ ಬಂದೂ ನೋಡಿದರು. "ಹುಬ್ಬಿನ ಮೇಲೆ ಈ ಗಾಯ ಯಾವಾಗ ಆಯ್ತೇ?" ಎಂದು ಕೇಳಿದರು. "ಮದುವೆಗೆ ಮುಂಚೆ" ಎಂದೆ. ಮುಖ ಮುಗಿದಾಗ ನೋಡಿದೆ. ನರೆತ ಕೂದಲು, ದಣಿದ ಕಣ್ಣು, ಸ್ವಲ್ಪ ಗಂಟಿಕ್ಕಿದ ಹಣೆ, ಹುಬ್ಬಿನ ಮೇಲೆ ಗಾಯದ ಕಲೆ. ಒಂದಿಷ್ಟೂ ಒರೆಸಿ ಚೆಂದ ಮಾಡಿರಲಿಲ್ಲ. ಅದು ನಾನೇ. ಅತ್ತುಬಿಟ್ಟೆ.

ನಾಲ್ಕನೆಯ ದಿನ ಮಡಿಲಲ್ಲಿ ಕೈಯಿಟ್ಟು ಕೂತೆ. ಈ ಕೈ ಈಗ ಮೊದಲಿನದಲ್ಲ. ಗೆಣ್ಣುಗಳು ಊದಿವೆ, ಲೇಖನಿ ಹಿಡಿದು ಹಿಡಿದು ನಡುಬೆರಳು ಸೊಟ್ಟಗಾಗಿದೆ, ಉಗುರಿನ ಬುಡದ ಶಾಯಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅದನ್ನೇ ಬರೆಯಲಿ ಎಂದೇ ನಾನು ಕಾಯುತ್ತಿದ್ದೆ.

"ಕೈಗೆ ನೀನು ಕೂರೋದು ಬೇಡ" ಎಂದರು. "ನಿನ್ನ ಕೈ ನನಗೆ ಬಾಯಿಪಾಠ. ಅಷ್ಟರಲ್ಲಿ ಹೋಗಿ ಆ ನ್ಯಾಯಾಧೀಶರ ಹೆಂಡತಿಗೊಂದು ಕಾಗದ ಬರಿ. ಅವರ ಮೊಮ್ಮಗ ಪಾಸಾದನಂತೆ."

ನನ್ನ ಕೈ ಅವರಿಗೆ ಬಾಯಿಪಾಠ ಎಂದದ್ದಕ್ಕೆ ಹಿಗ್ಗಿ ಎದ್ದುಹೋದೆ ನೋಡಿ, ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಮೊಮ್ಮಗನ ಮೇಲೆ ಒಂದು ಪುಟ ಬರೆದು ಮುಗಿಸಿ ಬಂದರೆ, ನನ್ನ ಮುಖದ ಕೆಳಗೆ ಎರಡು ನುಣುಪಾದ ಬಿಳಿ ಕೈಗಳು. ಗೆಣ್ಣಿಲ್ಲ, ಶಾಯಿಯಿಲ್ಲ, ಸೊಟ್ಟ ಬೆರಳಿಲ್ಲ. ಇಪ್ಪತ್ತು ವರ್ಷದ ಹಿಂದೆ ಕಲಿತ ಪಾಠವನ್ನು ಒಪ್ಪಿಸಿದ್ದರು.

"ಇದು ನನ್ನ ಕೈಯಲ್ಲ ರೀ. ಅಳಿಸಿ, ಮತ್ತೆ ಬರೀರಿ."

"ಚೆನ್ನಾಗೇ ಇದ್ಯಲ್ಲೇ" ಎಂದು ಕಣ್ಣುಜ್ಜಿಕೊಂಡರು. "ಇನ್ನು ಆಗಲ್ಲ. ನಿನ್ನೆಯಿಂದ ಕುಂಚದ ತುದಿಯೇ ಕಾಣ್ತಿಲ್ಲ." ಅದು ನಿಜವೇ ಆಗಿತ್ತು. ಅಲ್ಲಿಂದೀಚೆಗೆ ಅವರು ಒಂದು ಗೆರೆಯನ್ನೂ ಎಳೆದಿಲ್ಲ. ಕುರುಡಾಗುತ್ತಿರುವ ಗಂಡನ ಮೇಲೆ ಕೂಗಾಡುವ ಹಾಗೂ ಇಲ್ಲ, ಮೈ ಪರಚಿಕೊಳ್ಳುವಂತಾಯಿತು.

ಹದಿನೈದು ದಿನ ಬಿಟ್ಟು ನ್ಯಾಯಾಧೀಶರ ಹೆಂಡತಿ ಇವರನ್ನು ನೋಡಲು ಬಂದರು. ಗೋಡೆಯ ಮೇಲಿನ ನನ್ನ ಚಿತ್ರದ ಮುಂದೆ ನಿಂತು ಮುಖ ಸಿಂಡರಿಸಿದರು.

"ಸಾಹೇಬರೇ, ಇದು ನನ್ನ ಕೈಯಲ್ವಾ? ನಮ್ಮ ಹಾಲ್‌ನಲ್ಲಿರೋದೇ ಇದು. ಇವರಿಗೆ ಯಾಕೆ ಹಾಕಿದ್ರಿ?"

ನಮ್ಮವರು ತಲೆ ತಗ್ಗಿಸಿ ನಕ್ಕರು. ಆಕೆ ಹೋದ ಮೇಲೆ, "ಬೇಜಾರು ಮಾಡಿಕೊಂಡಂಗಿದೆ ಕಣೇ. ಕ್ಷಮೆ ಕೇಳಿ ಎರಡು ಸಾಲು ಬರೆದುಬಿಡು" ಎಂದರು.

ಬರೆದೆ. "ಅಮ್ಮಾ, ಆ ಕೈ ನಿಮ್ಮದಲ್ಲ, ನನ್ನದು. ನಿಮ್ಮ ಹಾಲ್‌ನಲ್ಲಿರುವುದೂ ನನ್ನದೇ. ನಿಮ್ಮ ಯಜಮಾನರು ತೀರಿಕೊಂಡಾಗ ಬಂದ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೀರಂತಲ್ಲ, ಅದನ್ನು ಬರೆದವಳೂ ನಾನೇ." ಸಹಿಗೆ ಇವರ ಹತ್ತಿರ ಹೋಗಲಿಲ್ಲ. ಕೆಳಗೆ ನನ್ನ ಹೆಸರು ಬರೆದು, ನಾನೇ ಹೋಗಿ ಅಂಚೆಗೆ ಹಾಕಿ ಬಂದೆ. ಒಂದು ವಾರ ಪೋಸ್ಟ್‌ಮನ್ ಬರುವ ಹೊತ್ತಿಗೆ ಬಾಗಿಲಲ್ಲೇ ನಿಂತಿರುತ್ತಿದ್ದೆ. ಒಬ್ಬರಿಗಾದರೂ ಗೊತ್ತಾಯಿತಲ್ಲ ಎಂಬ ಸಮಾಧಾನವೂ ಇತ್ತು.

ಉತ್ತರ ಬಂತು. ಲಕೋಟೆಯ ಮೇಲೆ ಇವರ ಹೆಸರೇ ಇತ್ತು.

"ಪ್ರಿಯ ಸಾಹೇಬರಿಗೆ, ನಿಮ್ಮನೆಯವರು ನನಗೆ ಏನೇನೋ ಬರೆದಿದ್ದಾರೆ. ನಿಮ್ಮ ಕಣ್ಣಿನ ಚಿಂತೆಯಲ್ಲಿ ಪಾಪ ತುಂಬ ಬಳಲಿರಬೇಕು, ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಅವರಿಗೆ ಸ್ವಲ್ಪ ವಿಶ್ರಾಂತಿ ಕೊಡಿ. ಆದರೆ ಒಂದು ಮಾತು ಹೇಳಲೇಬೇಕು. ಅಷ್ಟು ವರ್ಷ ಜೊತೆಗಿದ್ದದ್ದಕ್ಕೆ ನಿಮ್ಮ ಅಕ್ಷರವನ್ನು ಎಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದಾರೆ!"